ವಿಯೆನ್ನಾದಿಂದ ಅಪ್ಪನಿಗೆ: ಒಂದು ಓಟಿನ ವಿಷಯ

ವಿಯೆನ್ನಾ
14 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಸಂಜೆ ನಾಲ್ಕಕ್ಕೇ ಕತ್ತಲು. ಅಮ್ಮ ಕಳಿಸಿದ ತೊಡೆದೇವು ಪುಡಿಯಾಗದೆ ಬಂದು ಮುಟ್ಟಿದೆ, ಅವಳಿಗೆ ಹೇಳಿ. ಕೊನೆ ಕೊಯ್ಲು ಎಲ್ಲಿಗೆ ಬಂತು? ಸುಲಿಯೋಕೆ ಜನ ಸಿಕ್ಕಿದರಾ?

ಹೋದ ಭಾನುವಾರ ನೀವು ಫೋನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ನಿಮ್ಮೂರಲ್ಲಿ ಯಾವುದೋ ಹಾಡಿನ ಸ್ಪರ್ಧೆಯಂತೆ, ನಾಲ್ಕು ದೇಶ ಬರಲ್ಲ ಅಂದಿವೆಯಂತೆ. ಹಾಡಿಗೆ ಯಾಕಮ್ಮ ಜಗಳ?" ಅಂದಿರಿ. ನಾನು "ಅದು ದೊಡ್ಡ ಕಥೆ ಅಪ್ಪ" ಅಂತ ಮಾತು ಬದಲಿಸಿಬಿಟ್ಟೆ. ಆಮೇಲೆ ವಾರವೆಲ್ಲ ಅದೇ ತಲೆಯಲ್ಲಿ. ಈಗ ನಾಲ್ಕಲ್ಲ, ಐದು ದೇಶ. ಸ್ಪೇನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ಲೊವೇನಿಯಾ ಜೊತೆಗೆ ಬುಧವಾರ ಐಸ್‌ಲ್ಯಾಂಡ್ ಕೂಡ ಬರಲ್ಲ ಅಂದಿತು. ಗಾಜಾದಲ್ಲಿ ಯುದ್ಧ ಮಾಡಿದ ಇಸ್ರೇಲಿಗೂ ಹಾಡಲು ಬಿಟ್ಟಿದ್ದಾರೆ ಅನ್ನೋದೇ ಜಗಳ. ಕೂತು ಬರೆಯೋಣ ಅಂತ ಇವತ್ತು ಮನಸ್ಸು ಮಾಡಿದೆ. ಇದರಲ್ಲಿ ನಿಮ್ಮನ್ನು ಕೇಳಬೇಕಾದ ಮಾತೂ ಒಂದಿದೆ.

ಸ್ಪರ್ಧೆಯ ಹೆಸರು ಯೂರೋವಿಷನ್. ಯುರೋಪಿನ ಸಾರ್ವಜನಿಕ ಟೀವಿ, ರೇಡಿಯೋಗಳು, ಅಂದರೆ ನಮ್ಮ ದೂರದರ್ಶನ, ಆಕಾಶವಾಣಿ ತರಹದವು, ಸೇರಿ ಮಾಡಿಕೊಂಡ ಒಂದು ಒಕ್ಕೂಟ ಇದೆ. ಕಚೇರಿ ಜಿನೀವಾದಲ್ಲಿ. ಅವರೇ ಇದನ್ನು ನಡೆಸುತ್ತಾರೆ. ಶುರುವಾಗಿದ್ದು 1956ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಲುಗಾನೊ ಊರಲ್ಲಿ, ಬರೀ 7 ದೇಶಗಳಿಂದ. ಮಹಾಯುದ್ಧ ಮುಗಿದು ಆಗ ಹನ್ನೊಂದೇ ವರ್ಷ. ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದ ಜನ ಒಂದೇ ರಾತ್ರಿ ಒಂದೇ ಕಾರ್ಯಕ್ರಮ ನೋಡಿದರು. ಇದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಗೆದ್ದ ದೇಶವೇ ಮುಂದಿನ ವರ್ಷ ನಡೆಸೋದು ರೂಢಿ. ಈ ಮೇನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಆಸ್ಟ್ರಿಯಾದ ಜೆಜೆ ಅನ್ನೋ ಹುಡುಗ ಗೆದ್ದ. ಅವನ ಅಮ್ಮ ಫಿಲಿಪೈನ್ಸಿನವರು. ಹಾಗಾಗಿ ಬರುವ ಮೇ 16ಕ್ಕೆ 70ನೇ ಸ್ಪರ್ಧೆಯ ಫೈನಲ್ ಇಲ್ಲೇ, ಸ್ಟಾಡ್ಟ್‌ಹಾಲೆ ಅನ್ನೋ ದೊಡ್ಡ ಸಭಾಂಗಣದಲ್ಲಿ. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ದಿನಾ ಅದರ ಮುಂದೆಯೇ ಹಾದು ಯು6 ರೈಲು ಹಿಡಿಯುತ್ತೇನೆ.

ಓಟು ಹಾಕೋ ಕ್ರಮ ಹೇಳುತ್ತೇನೆ, ಜಗಳದ ಬೇರು ಅಲ್ಲೇ ಇದೆ. ಪ್ರತಿ ದೇಶದಿಂದ ಎರಡು ಲೆಕ್ಕ ಬರುತ್ತದೆ. ಒಂದು ಸಂಗೀತ ಬಲ್ಲವರ ಜ್ಯೂರಿಯದು, ಇನ್ನೊಂದು ಜನರ ಫೋನ್ ಓಟಿನದು. ಎರಡರಲ್ಲೂ ಮೊದಲ ಹತ್ತು ಹಾಡುಗಳಿಗೆ 12, 10, 8, 7 ಹೀಗೆ 1ರವರೆಗೆ ಅಂಕ. ತಮ್ಮ ದೇಶಕ್ಕೆ ತಾವೇ ಹಾಕುವ ಹಾಗಿಲ್ಲ. ಅಮ್ಮ ನೋಡುವ ಟೀವಿ ಹಾಡಿನ ಕಾರ್ಯಕ್ರಮದಲ್ಲಿ ನಮ್ಮ ತಾಲೂಕಿನ ಹುಡುಗ ಬಂದಾಗ ಊರೆಲ್ಲ ಮೆಸೇಜ್ ಕಳಿಸಿದರಲ್ವಾ? ಇಲ್ಲೂ ಹಾಗೆಯೇ. ಗ್ರೀಸ್ ಮತ್ತು ಸೈಪ್ರಸ್ ವರ್ಷಗಳಿಂದ ಒಬ್ಬರಿಗೊಬ್ಬರು 12 ಕೊಟ್ಟುಕೊಳ್ಳುತ್ತಾ ಬಂದಿವೆ. ಅದರಲ್ಲಿ ನನಗೆ ದೊಡ್ಡ ತಪ್ಪು ಕಾಣಲ್ಲ. ಒಂದೇ ಭಾಷೆ, ಒಂದೇ ಹಾಡು ಕೇಳಿ ಬೆಳೆದವರು.

ಬಾಸೆಲ್ ಫೈನಲ್ ದಿನ ನಾವು ಆರೇಳು ಜನ ಕೆಲಸದವರು ನಮ್ಮ ಮನೆಯಲ್ಲೇ ಸೇರಿದ್ದೆವು. ಚಿತ್ರಾನ್ನ ಮಾಡಿದ್ದೆ. ಸ್ಪೇನಿನ ಗೆಳತಿಯೂ ಬಂದಿದ್ದಳು. ಜ್ಯೂರಿ ಅಂಕ ಮುಗಿದಾಗ ಆಸ್ಟ್ರಿಯಾ 258ರಲ್ಲಿ ಮುಂದಿತ್ತು, ಇಸ್ರೇಲ್ ಬರೀ 60. ಆಮೇಲೆ ಜನರ ಓಟು ಬಂತು. ಇಸ್ರೇಲಿಗೆ 297. ಬೇರೆ ಯಾರಿಗೂ ಅಷ್ಟು ಬರಲಿಲ್ಲ. ಕೊನೆಗೆ ಆಸ್ಟ್ರಿಯಾ 436, ಇಸ್ರೇಲ್ 357 ಆಗಿ ಎರಡನೆಯದು. ಸ್ಪೇನಿನ ಜನರ 12 ಅಂಕವೂ ಇಸ್ರೇಲಿಗೇ ಹೋಗಿತ್ತು. ಅವಳು ಸುಮ್ನೆ ಕೂತುಬಿಟ್ಟಳು. "ನಮ್ಮೂರಲ್ಲಿ ಇದಕ್ಕೆ ಓಟು ಹಾಕಿದ ಒಬ್ಬರನ್ನೂ ನಾನು ಕಂಡಿಲ್ಲ" ಅಂದಳು. ಆ ರಾತ್ರಿ ಫೈನಲ್ ಶುರುವಾಗುವ ಮುಂಚೆ ಸ್ಪೇನಿನ ಟೀವಿ ಪರದೆಯ ಮೇಲೆ ಪ್ಯಾಲೆಸ್ತೀನಿಗೆ ಶಾಂತಿ, ನ್ಯಾಯ ಕೇಳುವ ಸಂದೇಶ ಹಾಕಿತ್ತು. ಆಮೇಲೆ ಓಟುಗಳನ್ನು ತಪಾಸಣೆ ಮಾಡಿ ಅಂತಲೂ ಕೇಳಿತು.

ನಿಮಗೆ ತಕ್ಷಣ ಕಳ್ಳ ಓಟಿನ ನೆನಪು ಬರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ಹಾಕಿ ನೋಡಿದರೆ ಕಳ್ಳ ಓಟೇ ಬೇಕಾಗಿಲ್ಲ ಅಪ್ಪ. ಆಗಿನ ನಿಯಮದಲ್ಲಿ ಒಬ್ಬ ಮನುಷ್ಯ 20 ಓಟು ಹಾಕಬಹುದಿತ್ತು, ಒಂದೊಂದಕ್ಕೂ ದುಡ್ಡು ಕೊಟ್ಟು. ಉದಾಹರಣೆಗೆ ಒಂದು ಸಾವಿರ ಜನ ತಲಾ ಒಂದೊಂದು ಓಟನ್ನು ಇಪ್ಪತ್ತೈದು ಹಾಡುಗಳಿಗೆ ಹಂಚಿದರು ಅನ್ನಿ. ಹಾಡಿಗೆ ಸರಾಸರಿ 40 ಬೀಳುತ್ತದೆ. ಅದೇ ಬರೀ ನೂರು ಜನ ಪಟ್ಟು ಹಿಡಿದು ಇಪ್ಪತ್ತಿಪ್ಪತ್ತು ಓಟು ಒಂದೇ ಹಾಡಿಗೆ ಹಾಕಿದರೆ 2000. ಹಾಡು ಇಷ್ಟವಾದವರ ಓಟು ಚದುರುತ್ತದೆ, ದೇಶಕ್ಕಾಗಿ ಹಾಕುವವರ ಓಟು ಒಂದೇ ಕಡೆ ಬೀಳುತ್ತದೆ. ಇಸ್ರೇಲ್ ಸರ್ಕಾರದ ಜಾಹೀರಾತು ವಿಭಾಗವೇ ದುಡ್ಡು ಕೊಟ್ಟು, ಇಪ್ಪತ್ತು ಸಲ ಓಟು ಹಾಕಿ ಅಂತ ಇಂಟರ್‌ನೆಟ್‌ನಲ್ಲಿ ಜಾಹೀರಾತು ಹಾಕಿಸಿತ್ತು. ಅದು ಆಗಿನ ನಿಯಮ ಮುರಿದ ಹಾಗೂ ಆಗಿರಲಿಲ್ಲ. ಓಟುಗಳೆಲ್ಲ ಸರಿಯಾದವೇ ಅಂತ ಒಕ್ಕೂಟ ಹೇಳಿತು. ಆದರೂ ನೋಡುತ್ತಿದ್ದವರ ನಂಬಿಕೆ ಹೋಯಿತು.

ಇಸ್ರೇಲಿನ ಆ ಹಾಡು ಹಾಡಿದ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಇದು ನಿಮಗೆ ಗೊತ್ತಿರಲಿ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದಾಗ ಅವಳು ಹೆಣಗಳ ಕೆಳಗೆ ಅಡಗಿ ಜೀವ ಉಳಿಸಿಕೊಂಡವಳು. ಅದಾದ ಮೇಲೆ ಗಾಜಾದಲ್ಲಿ ಸತ್ತ ಸಾವಿರಾರು ಮಕ್ಕಳ ಫೋಟೋಗಳನ್ನೂ ನಾನು ನೋಡಿದ್ದೇನೆ. ಸ್ಲೊವೇನಿಯಾದ ಟೀವಿ ಆ ಮಕ್ಕಳ ಹೆಸರಲ್ಲೇ ಹಿಂದೆ ಸರಿಯಿತು. ಇಬ್ಬರ ನೋವೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲು ನನ್ನ ಕೈಲಾಗಲ್ಲ.

ಜನ ಮತ್ತೆ ಮತ್ತೆ ಕೇಳೋದು ಒಂದೇ ಪ್ರಶ್ನೆ. ರಷ್ಯಾಕ್ಕೊಂದು ನಿಯಮ, ಇಸ್ರೇಲಿಗೊಂದು ನಿಯಮವಾ? 2022ರ ಫೆಬ್ರವರಿ 24ರಂದು ಯುಕ್ರೇನ್ ಮೇಲೆ ಯುದ್ಧ ಶುರುವಾಯಿತು. ಅವತ್ತು ಒಕ್ಕೂಟ, ಇದು ರಾಜಕೀಯ ಅಲ್ಲದ ಸ್ಪರ್ಧೆ, ರಷ್ಯಾ ಹಾಡಬಹುದು ಅಂದಿತ್ತು. ಬೇರೆ ದೇಶಗಳ ಟೀವಿಗಳು ತಿರುಗಿಬಿದ್ದ ಮೇಲೆ ಮಾರನೇ ದಿನವೇ ಬೇಡ ಅಂದಿತು. ಆ ವರ್ಷ ಯುಕ್ರೇನ್ ಗೆದ್ದಿತು. ಇಸ್ರೇಲ್ ವಿಷಯದಲ್ಲಿ ಒಕ್ಕೂಟ ಬೇರೆ ಕಾರಣ ಕೊಡುತ್ತದೆ. ಸ್ಪರ್ಧೆ ಇರೋದು ಟೀವಿ ಸಂಸ್ಥೆಗಳ ನಡುವೆ, ಸರ್ಕಾರಗಳ ನಡುವೆ ಅಲ್ಲ ಅಂತ. ಇಸ್ರೇಲಿನ ಟೀವಿ ಕಾನ್, ತನ್ನ ಸರ್ಕಾರದ ಜೊತೆ ಗುದ್ದಾಡಿಕೊಂಡೇ ಬಂದ ಸಂಸ್ಥೆ, ಅದೂ ನಿಜವೇ. ಆದರೆ ಸರ್ಕಾರವೇ ದುಡ್ಡು ಹಾಕಿ ಓಟು ಕೇಳಿದ ಮೇಲೆ ಆ ಮಾತಿಗೆ ಬಲ ಎಲ್ಲಿ ಉಳಿಯಿತು?

ಇಲ್ಲಿ ಆಸ್ಟ್ರಿಯಾದಲ್ಲಿ ಟೀವಿಯವರು ಇಸ್ರೇಲ್ ಇರಲೇಬೇಕು ಅಂದರು. ಅದು ಯಾಕೆ ಅಂತ ನನಗೆ ಅರ್ಥ ಮಾಡಿಸಿದ್ದು ಕೆಳಗಿನ ಮನೆಯ ಅಜ್ಜಿ. ಒಂದು ದಿನ ಕೈ ಹಿಡಿದು ನಮ್ಮ ಬಡಾವಣೆಯಲ್ಲೇ ಇರುವ ಟರ್ನರ್ ಟೆಂಪಲ್ ಸ್ಮಾರಕಕ್ಕೆ ಕರೆದುಕೊಂಡು ಹೋದರು. ಅಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ ಇತ್ತಂತೆ. 1938ರ ನವೆಂಬರ್‌ನಲ್ಲಿ ನಾಜಿಗಳು ಅದನ್ನು ಸುಟ್ಟುಹಾಕಿದರು. ಈಗ ಕುಸಿದು ಬಿದ್ದ ಚಾವಣಿಯ ತೊಲೆಗಳ ಹಾಗೆ ಕಪ್ಪು ಕಾಂಕ್ರೀಟ್ ತೊಲೆಗಳನ್ನು ಹಾಕಿದ್ದಾರೆ. ಜನ ಅದರ ಮೇಲೆ ಕೂತಿರುತ್ತಾರೆ. "ಈ ಊರಲ್ಲಿ ನಿಂತು ನೀವು ಬರಬೇಡಿ ಅಂತ ಅವರಿಗೆ ಇನ್ನೊಮ್ಮೆ ಹೇಳೋದು ನನ್ನಿಂದ ಆಗಲ್ಲ" ಅಂದರು ಅಜ್ಜಿ. ಮಾರನೇ ದಿನ ಕೆಲಸಕ್ಕೆ ಹೋದರೆ ಸ್ಪೇನಿನ ಗೆಳತಿ ಊಟದ ಹೊತ್ತಿಗೆ ಗಾಜಾದ ಸುದ್ದಿ ಓದಿ ತಟ್ಟೆ ಸರಿಸಿಬಿಟ್ಟಳು. ಇಬ್ಬರೂ ಒಳ್ಳೆಯವರು. ನಾನು ಇಬ್ಬರ ಜೊತೆಗೂ ಇದ್ದೇನೆ.

ರಾಜಕೀಯ ಈಗ ಬಂದು ಸೇರಿಕೊಂಡಿದ್ದಲ್ಲ. ನಮ್ಮ ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ 1968ರಲ್ಲಿ ಬ್ರಿಟನ್ನಿಗೆ ಹಾಡಿ ಒಂದೇ ಅಂಕದಿಂದ ಸ್ಪೇನಿಗೆ ಸೋತರು. ಆಗ ಸ್ಪೇನಿನಲ್ಲಿ ಫ್ರಾಂಕೊ ಆಳ್ವಿಕೆ. ಸರ್ವಾಧಿಕಾರಿ ಓಟು ಕೊಂಡ ಅನ್ನೋ ಗುಮಾನಿ ಇವತ್ತಿಗೂ ಹೋಗಿಲ್ಲ. ಯಾರೂ ಸಾಬೀತು ಮಾಡಿಲ್ಲ, ಸುಳ್ಳು ಅಂತಲೂ ತೋರಿಸಿಲ್ಲ. 1978ರಲ್ಲಿ ಇಸ್ರೇಲ್ ಗೆಲ್ಲುವ ಹಾಗೆ ಕಂಡಾಗ ಜೋರ್ಡಾನಿನ ಟೀವಿ ಪ್ರಸಾರ ನಿಲ್ಲಿಸಿ ಹೂವಿನ ಚಿತ್ರ ತೋರಿಸಿತು. ಆಮೇಲೆ ಬೆಲ್ಜಿಯಂ ಗೆದ್ದಿತು ಅಂತ ಸುದ್ದಿ ಕೊಟ್ಟಿತು. ಆದರೆ 1974ರ ಪೋರ್ಚುಗಲ್ ಕಥೆ ಕೇಳಿ, ನಿಮಗೆ ಇಷ್ಟವಾಗುತ್ತದೆ. ಅವರ ಹಾಡಿಗೆ ಸಿಕ್ಕಿದ್ದು ಕೊನೆಯ ಸ್ಥಾನ. ಅದೇ ಏಪ್ರಿಲ್ 24ರ ರಾತ್ರಿ ಲಿಸ್ಬನ್ ರೇಡಿಯೋದಲ್ಲಿ ಆ ಹಾಡು ಬಂತು. ಸರ್ವಾಧಿಕಾರದ ವಿರುದ್ಧ ಹೊರಡಲು ಸೈನಿಕರಿಗೆ ಅದೇ ಮೊದಲ ಸಂಕೇತವಾಗಿತ್ತು. ಮಾರನೇ ದಿನ ಬಂದೂಕುಗಳ ಬಾಯಿಗೆ ಜನ ಹೂವು ಸಿಕ್ಕಿಸತೊಡಗಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು 2009ರ ಸಂಗತಿ. ಅಜರ್‌ಬೈಜಾನ್ ಮತ್ತು ಆರ್ಮೇನಿಯಾ ಶತ್ರು ದೇಶಗಳು. ಆ ವರ್ಷ ಅಜರ್‌ಬೈಜಾನಿನಿಂದ 43 ಜನ ಆರ್ಮೇನಿಯಾದ ಹಾಡಿಗೆ ಓಟು ಹಾಕಿದ್ದರು. ಅದರಲ್ಲಿ ಒಬ್ಬನನ್ನು ಭದ್ರತಾ ಇಲಾಖೆಯವರು ಕರೆಸಿ, ಯಾಕೆ ಹಾಕಿದೆ ಅಂತ ವಿಚಾರಣೆ ಮಾಡಿದರು. ಬರೀ ಒಂದು ಹಾಡಿಗೆ ಓಟು ಹಾಕಿದ್ದಕ್ಕೆ! ಚುನಾವಣೆ ಡ್ಯೂಟಿಯಲ್ಲಿ ಓಟು ಹಾಕುವವರ ಸುತ್ತ ಪರದೆ ಸರಿಯಾಗಿದೆಯಾ ಅಂತ ಮೂರು ಮೂರು ಸಲ ನೋಡುತ್ತಿದ್ದ ನಿಮಗೆ ಇದು ಹೇಗೆ ಕಾಣುತ್ತದೆ? ಆಮೇಲೆ ಒಕ್ಕೂಟ ನಿಯಮ ಬಿಗಿ ಮಾಡಿತು. ಮುಂದೆ ಅದೇ ದೇಶ ಗೆದ್ದು 2012ರಲ್ಲಿ ಬಾಕುವಿನಲ್ಲಿ ಸ್ಪರ್ಧೆ ನಡೆಸಿತು. ಆರ್ಮೇನಿಯಾ ಹೋಗಲೇ ಇಲ್ಲ.

ಜ್ಯೂರಿಯಾದರೂ ಶುದ್ಧವಾ ಅಂದರೆ ಅದೂ ಇಲ್ಲ. 2022ರಲ್ಲಿ ಆರು ದೇಶಗಳ ಜ್ಯೂರಿ ಅಂಕ ಅನುಮಾನ ಬರುವ ಹಾಗಿತ್ತು. ಒಕ್ಕೂಟ ಅವನ್ನು ತೆಗೆದುಹಾಕಿ ಲೆಕ್ಕ ಹಾಕಿದ ಬೇರೆ ಅಂಕ ಕೂರಿಸಿತು. 2023ರಲ್ಲಿ ಜನ ಫಿನ್‌ಲ್ಯಾಂಡ್ ಅಂದರು, ಜ್ಯೂರಿ ಸ್ವೀಡನ್ ಅಂದಿತು, ಸ್ವೀಡನ್ ಗೆದ್ದಿತು. ಜನರ ಆಯ್ಕೆ ಸೋತರೆ ಜನ ಜ್ಯೂರಿಯನ್ನು ನಂಬಲ್ಲ. ಜ್ಯೂರಿಯ ಆಯ್ಕೆ ಸೋತರೆ ತಿಳಿದವರು ಜನರನ್ನು ನಂಬಲ್ಲ.

ಈ ತಿಂಗಳು 4ರಂದು ಜಿನೀವಾದಲ್ಲಿ ಒಕ್ಕೂಟದ ಸಭೆ ಸೇರಿತು. ಇಸ್ರೇಲ್ ಇರಬೇಕಾ ಬೇಡವಾ ಅಂತ ನೇರವಾಗಿ ಓಟಿಗೆ ಹಾಕಲೇ ಇಲ್ಲ. ಹೊಸ ನಿಯಮ ಸಾಕಾ ಅಂತ ಕೇಳಿದರು. 738 ಓಟು ಸಾಕು ಅಂತ, 264 ಸಾಲದು ಅಂತ, 120 ತಟಸ್ಥ. ಗುಟ್ಟಾದ ಮತದಾನ. ಹೊಸ ನಿಯಮದಲ್ಲಿ ಒಬ್ಬರಿಗೆ 20ರ ಬದಲು 10 ಓಟು, ಸೆಮಿಫೈನಲ್‌ಗೂ ಜ್ಯೂರಿ, ಸರ್ಕಾರಗಳು ಅತಿಯಾಗಿ ಪ್ರಚಾರ ಮಾಡಬಾರದು. ಸಂಜೆಯೊಳಗೆ ನಾಲ್ಕು ದೇಶ ಹೊರಟವು. ಐರ್ಲೆಂಡ್ ಏಳು ಸಲ ಗೆದ್ದ ದೇಶ. ಸ್ಪೇನ್ 1961ರಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹೋದ ವರ್ಷ ಗೆದ್ದ ಸ್ವಿಟ್ಜರ್‌ಲ್ಯಾಂಡಿನ ನೆಮೊ, ಇಸ್ರೇಲನ್ನು ಉಳಿಸಿಕೊಂಡಿದ್ದಕ್ಕೆ ಮೊನ್ನೆ ಗುರುವಾರ ತಮ್ಮ ಟ್ರೋಫಿಯನ್ನೇ ವಾಪಸ್ ಕಳಿಸುತ್ತೇನೆ ಅಂದರು.

ಅಪ್ಪ, ಇದನ್ನೆಲ್ಲ ಓದುವಾಗ ನನಗೆ ನಿಮ್ಮ ಆ ಚುನಾವಣೆ ಡ್ಯೂಟಿ ರಾತ್ರಿ ನೆನಪಾಗುತ್ತಿತ್ತು. ನೀವು ಮನೆಗೆ ಬಂದಾಗ ಬೆಳಗಿನ ಜಾವ. ಅಮ್ಮ ಬಾಗಿಲಲ್ಲೇ ಕೂತಿದ್ದಳು. ರಿಜಿಸ್ಟರಿಗಿಂತ ಯಂತ್ರದಲ್ಲಿ ಒಂದು ಓಟು ಕಮ್ಮಿ ಬಂದಿತ್ತು ಅಂದಿರಿ. ಒಂದೇ ಒಂದು. ಬಸ್ಸಿನವನು ಹಾರನ್ ಹೊಡೆಯುತ್ತಿದ್ದರೂ ನೀವು ಎದ್ದಿರಲಿಲ್ಲ. ಎರಡೂ ಪಕ್ಷದ ಏಜೆಂಟರನ್ನು ಕೂರಿಸಿಕೊಂಡು ಮೊದಲ ಹೆಸರಿನಿಂದ ನೋಡಿದಿರಿ. ಕೊನೆಗೆ ಗೊತ್ತಾಗಿದ್ದು, ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ, ಬಟನ್ ಒತ್ತದೆ ಮನೆಗೆ ಹೋಗಿದ್ದಳು. ಅದನ್ನು ಬರೆದು, ಓಟಿನ ಲೆಕ್ಕದ 17ಸಿ ಫಾರಂ ತುಂಬಿ, ಇಬ್ಬರು ಏಜೆಂಟರಿಗೂ ಪ್ರತಿ ಕೊಟ್ಟ ಮೇಲೇ ಸೀಲ್ ಹಾಕಿದಿರಿ. ಆ ಸಲ ಸೋತ ಪಕ್ಷದ ಏಜೆಂಟ್ ಆಮೇಲೆ ಸಂತೆಯಲ್ಲಿ ಸಿಕ್ಕಾಗೆಲ್ಲ ನಿಮಗೆ ಕೈ ಮುಗಿಯುತ್ತಿದ್ದ.

ಇಲ್ಲಿ ಆ ಏಜೆಂಟ್ ಇಲ್ಲ. ನಮಗೆ ಕಾಣೋದು 12, 10, 8 ಅಷ್ಟೇ. ಸ್ಪೇನಿನಲ್ಲಿ ಎಷ್ಟು ಜನ, ಒಬ್ಬೊಬ್ಬರು ಎಷ್ಟು ಸಲ ಓಟು ಹಾಕಿದರು ಅನ್ನೋದನ್ನು ಒಕ್ಕೂಟ ನಮ್ಮ ಮುಂದೆ ಇಡಲ್ಲ. ಎಣಿಸಿದವರು, ಸರಿ ಅಂದವರು ಎಲ್ಲ ಒಕ್ಕೂಟವೇ ನೇಮಿಸಿಕೊಂಡವರು. ಅವರು ನ್ಯಾಯವಾಗಿಯೇ ಎಣಿಸಿರಬಹುದು. ಆದರೂ ಗೆಳತಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಒಬ್ಬರಿಗೆ ಒಂದೇ ಓಟು ಮಾಡಲಿ, ದೇಶದ ಲೆಕ್ಕ ದೇಶದ ಜನರ ಮುಂದೆ ಇಡಲಿ. ಯಾವ ಕಾರಣಕ್ಕೆ ಒಂದು ದೇಶವನ್ನು ಹೊರಗಿಡುತ್ತೇವೆ ಅಂತ ಮೊದಲೇ ಬರೆದಿಡಲಿ, ಅದು ಎಲ್ಲರಿಗೂ ಒಂದೇ ಆಗಿರಲಿ. ಹತ್ತು ಓಟು ಅಂದರೆ ಇಪ್ಪತ್ತರ ಅರ್ಧ, ಅಷ್ಟೇ ತಾನೇ?

ನಿಮ್ಮನ್ನು ಕೇಳಬೇಕು ಅಂದಿದ್ದು ಇದು. ಮೇ 16ಕ್ಕೆ ತಮ್ಮ ಮನೆಗೆ ಬಾ, ಜೊತೆಗೆ ನೋಡೋಣ ಅಂತ ಅಜ್ಜಿ ಈಗಲೇ ಹೇಳಿದ್ದಾರೆ. ಗೆಳತಿ ಆ ರಾತ್ರಿ ಟೀವಿಯನ್ನೇ ಹಾಕಲ್ಲ ಅಂದಿದ್ದಾಳೆ, ನೀನೂ ಹಾಕಬೇಡ ಅಂತ ಹೇಳಿಲ್ಲ, ಆದರೆ ನನ್ನ ಮುಖ ನೋಡಿದಳು. ನನಗೆ ಆ ಹಾಡುಗಳು ಇಷ್ಟ. ಇಷ್ಟೊಂದು ಭಾಷೆಗಳನ್ನು ಒಂದೇ ರಾತ್ರಿ ಇನ್ನೆಲ್ಲೂ ಕೇಳಿಲ್ಲ. ಲೆಕ್ಕ ಸರಿಹೋಗದೆ ನೀವು ಅವತ್ತು ಏಳಲಿಲ್ಲ. ನನ್ನ ಜಾಗದಲ್ಲಿ ನೀವಿದ್ದರೆ ಅಜ್ಜಿಯ ಮನೆಗೆ ಹೋಗುತ್ತಿದ್ದಿರಾ? ಫೋನಲ್ಲಿ ಬೇಡ, ಯೋಚನೆ ಮಾಡಿ ಎರಡು ಸಾಲು ಬರೆಯಿರಿ.

ಚಳಿಗೆ ಮಂಡಿ ನೋವು ಜಾಸ್ತಿಯಾದರೆ ಎಣ್ಣೆ ಹಚ್ಚಿಕೊಳ್ಳಿ, ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಅಡಿಕೆ ಹರವಬೇಡಿ. ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ಇಂತಿ,
ನಿಮ್ಮ ಮಗಳು