ಮೊದಲು ನಾಲ್ಕು ಕೈಗಳನ್ನು ಬರೆ

ಪ್ರಿಯ ತಮ್ಮ,

ಇಟಲಿಯ ಚಿತ್ರಕಾರ ಟಿಷಿಯನ್‌ನ ‘ನೋಲಿ ಮೆ ತಾಂಗೆರೆ’ (‘ನನ್ನನ್ನು ಮುಟ್ಟಬೇಡ’) ಚಿತ್ರದ ಕುರಿತ ನಿನ್ನ ಲೇಖನ ಓದಿದೆ. ಕಾಗುಣಿತ, ಪ್ಯಾರಾ, ಎಲ್ಲಿಗೆ ಕಳಿಸಬೇಕು ಎಂಬುದೆಲ್ಲ ಆಮೇಲೆ ನೋಡಿಕೊಂಡರಾಯಿತು. ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ ಮಾರಾಯ, ವಿಶೇಷಣ ಬಿಡು. ಮೊದಲ ಪುಟದಲ್ಲೇ ದಿವ್ಯ, ಅಲೌಕಿಕ, ಅನಂತ ಎಲ್ಲ ಬಂದುಹೋಗಿವೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಕೈ ಎಲ್ಲಿದೆ ಎಂಬುದು ಇಡೀ ಲೇಖನದಲ್ಲಿಲ್ಲ.

‘ಬೃಹತ್ ಕ್ಯಾನ್ವಾಸ್’ ಅಂತೆ! ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದ ಎತ್ತರ ಸುಮಾರು 110 ಸೆಂಟಿಮೀಟರ್, ಅಗಲ 92. ಫೋನಿನಲ್ಲಿ ನೋಡಿ ಬರೆದರೆ ಹೀಗೇ ಆಗುತ್ತದೆ. ಅಳತೆ ತಿಳಿಯುವುದಿಲ್ಲ, ಅಂಚು ಕತ್ತರಿಸಿದ ಪ್ರತಿಯಾದರೆ ಮರದ ತುದಿಯೂ ಬಲಗಡೆ ಗುಡ್ಡದ ಮನೆಗಳೂ ಮಾಯ. ಗ್ಯಾಲರಿಯ ಜಾಲತಾಣದಲ್ಲಿ ಪೂರ್ತಿ ಚಿತ್ರವಿದೆ, ಹಿಗ್ಗಿಸಿ ನೋಡು.

ಅದಕ್ಕೂ ಮೊದಲು ಬೈಬಲ್ಲಿನ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ, 11ರಿಂದ 18ನೇ ವಚನದವರೆಗೆ ಓದು. ಸಮಾಧಿ ಖಾಲಿ. ಅಳುತ್ತಿರುವ ಮರಿಯಳು ಎದುರು ನಿಂತ ಯೇಸುವನ್ನು ತೋಟಗಾರನೆಂದುಕೊಳ್ಳುತ್ತಾಳೆ. ಹೆಸರು ಹಿಡಿದು ಕರೆದ ಮೇಲಷ್ಟೇ ಗುರುತು ಹತ್ತುತ್ತದೆ. ಆಗ ಬರುತ್ತದೆ, ಮುಟ್ಟಬೇಡ ಎಂಬ ಮಾತು. ಕ್ರಿಸ್ತನ ಕೈಗೆ ಗುದ್ದಲಿ ಬಂದದ್ದು ಈ ತೋಟಗಾರನಿಂದ. ‘ಶ್ರಮಜೀವಿಗಳ ಸಂಕೇತ’ ಎಂಬ ನಿನ್ನ ಸಾಲು ಕೇಳಲು ಚೆಂದ, ಅಷ್ಟೇ.

ಇನ್ನು ನಿನ್ನ ಮುಖ್ಯ ವಾದ, ಕ್ರಿಸ್ತ ಮರಿಯಳನ್ನು ತಿರಸ್ಕರಿಸುತ್ತಾನೆ ಎಂಬುದು. ಚಿತ್ರದ ಎಕ್ಸ್-ರೇ ತೆಗೆದಾಗ ಅಡಿಯಲ್ಲಿ ಬೇರೆಯೇ ಕ್ರಿಸ್ತ ಕಂಡ: ತಲೆಗೆ ತೋಟಗಾರನ ಟೋಪಿ, ಮೈ ಮರಿಯಳಿಂದ ಆಚೆ ತಿರುಗಿದೆ. ನೀನು ಹೇಳುವ ತಿರಸ್ಕಾರ ಅಲ್ಲಿತ್ತು. ಸುಮಾರು 1514ರಲ್ಲಿ ಟಿಷಿಯನ್ ಅದನ್ನೇ ಮುಚ್ಚಿ ಮತ್ತೆ ಬರೆದ. ಈಗ ಕಾಣುವ ಕ್ರಿಸ್ತ ಬಿಳಿ ಬಟ್ಟೆಯನ್ನು ಅವಳಿಗೆ ಸಿಗದಂತೆ ಎಳೆದುಕೊಳ್ಳುತ್ತಾನೆ, ಮೈಯನ್ನು ಮಾತ್ರ ಅವಳತ್ತಲೇ ಬಾಗಿಸಿದ್ದಾನೆ. ಎರಡನ್ನೂ ಒಟ್ಟಿಗೆ ಹೇಳುವ ವಾಕ್ಯ ಬೇಕು; ಕಷ್ಟ, ಗೊತ್ತು. ಮರಿಯಳ ಒಂದು ಕೈ ಮುಂದಕ್ಕೆ ಚಾಚಿದೆ, ಇನ್ನೊಂದು ಭರಣಿಯ ಮೇಲಿದೆ. ಭರಣಿ ಯೋಹಾನನ ಈ ಕಥೆಯಲ್ಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಹೆಂಗಸರು ಶವಕ್ಕೆ ಹಚ್ಚಲು ಸುಗಂಧದ್ರವ್ಯ ಕೊಳ್ಳುತ್ತಾರೆ. ಮರಿಯಳನ್ನು ಗುರುತಿಸಲೆಂದು ಚಿತ್ರಕಾರರು ಭರಣಿ ಇಡುವುದು ರೂಢಿ. ಆದರೆ ಟಿಷಿಯನ್ ಅದನ್ನು ಪಕ್ಕಕ್ಕಿಟ್ಟು ಸುಮ್ಮನಾಗಲಿಲ್ಲ. ಸತ್ತವನಿಗೆಂದು ತಂದದ್ದನ್ನು ಬದುಕಿ ಬಂದವನ ಎದುರಲ್ಲೂ ಅವಳು ಬಿಟ್ಟಿಲ್ಲ. ಇದನ್ನು ನೋಡದೆ ನೀನು ಅಕ್ಕಮಹಾದೇವಿಯ ವಚನಕ್ಕೆ ಹಾರಿದರೆ ಹೇಗಪ್ಪ?

1942ರಲ್ಲಿ, ಮಹಾಯುದ್ಧದ ಕಾರಣ ಗ್ಯಾಲರಿಯ ಚಿತ್ರಗಳೆಲ್ಲ ವೇಲ್ಸ್‌ನ ಗಣಿಯಲ್ಲಿದ್ದಾಗ, ತಿಂಗಳಿಗೊಂದನ್ನು ಲಂಡನ್ನಿಗೆ ತಂದು ತೋರಿಸುವ ಏರ್ಪಾಟಿನಲ್ಲಿ ಇದೂ ಬಂದಿತ್ತು, ನಿಜ. ಅದನ್ನೇ ಆರಂಭಕ್ಕೆ ಇಟ್ಟಿದ್ದೀಯಲ್ಲ, ತೆಗೆದುಹಾಕು. ಓದುಗ ಚಿತ್ರ ನೋಡುವ ಮೊದಲೇ ಕಣ್ಣೊರೆಸಿಕೊಳ್ಳಲಿ ಎಂಬ ಆಸೆ ಅದು.

ಗೆಳೆಯರು ‘ಅದ್ಭುತ’ ಅಂದರಂತೆ. ನಮ್ಮ ಕಲಾಬರಹ ಕೆಟ್ಟಿದ್ದೇ ಈ ಶಬ್ದದಿಂದ. ಮುನ್ನುಡಿ ಬರೆಯುವವರೂ ಚಿತ್ರ ನೋಡಿರುವುದಿಲ್ಲ. ಅವರ ಮಾತು ಪಕ್ಕಕ್ಕಿಟ್ಟು ಒಂದು ಹಾಳೆ ತಗೋ. ಚಾಚಿದ್ದು, ಭರಣಿಯದು, ಗುದ್ದಲಿಯದು, ಬಟ್ಟೆಯದು ಎಂದು ನಾಲ್ಕು ಕೈಗಳನ್ನು ಅರ್ಥ ಹೇಳದೆ ಬರಿ. ಅದನ್ನು ಮೊದಲು ಕಳಿಸು. ಅಕ್ಕನ ವಚನ ಉಳಿಯುತ್ತದೋ ಇಲ್ಲವೋ ಆಮೇಲೆ ನೋಡೋಣ.