ಏಳನೇ ಗುರುತಿನ ಗುಟ್ಟು ಹೇಳಿಕೊಟ್ಟ ಮೇಡಂಗೆ

ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ನಮ್ಮ ಎದುರಿಗೆ ಕೂತಿದ್ದ ಮೇಡಂ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಹಾಗಾಗಿ ಇಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಹತ್ತನೇ ಕ್ಲಾಸಿನ ಮಗಳ ಲೆಕ್ಕ ಅದು. 5, 6, 7 ಸೆಂ.ಮೀ. ಬಾಹುಗಳ ತ್ರಿಭುಜ ರಚಿಸಿ, ಅದರ 7/5 ರಷ್ಟು ಬಾಹುಗಳಿರುವ ಇನ್ನೊಂದನ್ನು ಎಳೆಯಬೇಕು. ಅವಳು ಪಾದದ ಒಂದು ತುದಿಯಿಂದ ಎಳೆದ ಓರೆ ಗೆರೆಯ ಮೇಲೆ ಕೈವಾರದಿಂದ ಏಳು ಸಮ ಗುರುತು ಹಾಕಿ, ಏಳನೆಯದನ್ನೇ ಪಾದದ ಇನ್ನೊಂದು ತುದಿಗೆ ಸೇರಿಸುತ್ತಿದ್ದಳು. ತ್ರಿಭುಜ ದೊಡ್ಡದಾಗುವ ಬದಲು ಚಿಕ್ಕದಾಗುತ್ತಿತ್ತು.

"ಪುಟ್ಟಾ, ಈಗಿರೋ ಪಾದ ಐದು ಭಾಗ ಅಂದ್ಕೋ. ನಮಗೆ ಬೇಕಾಗಿರೋದು ಅಂಥ ಏಳು ಭಾಗ" ಅಂದಿರಿ ನೀವು. ಐದನೇ ಗುರುತನ್ನು ತುದಿಗೆ ಸೇರಿಸಿ, ಪಾದವನ್ನು ಮುಂದಕ್ಕೆ ಎಳೆದು, ಏಳನೇ ಗುರುತಿನಿಂದ ಸಮಾಂತರ ಗೆರೆ ಹಾಕಿಸಿದಿರಿ. ಅದು ಪಾದವನ್ನು ಮುಟ್ಟಿದಲ್ಲಿಂದ, ಹಳೇ ತುದಿಯ ಬಾಹುವಿಗೆ ಇನ್ನೊಂದು ಸಮಾಂತರ ಗೆರೆ, ಅಷ್ಟೇ. ಅಳೆದರೆ 7, 8.4, 9.8 ಸೆಂ.ಮೀ.! ಕೋನಗಳು ಮಾತ್ರ ಒಂದಿಷ್ಟೂ ಬದಲಾಗಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಆಮೇಲಿನದು. "ವಿಸ್ತೀರ್ಣವೂ 7/5 ರಷ್ಟೇ ಅಲ್ವಾ ಆಂಟಿ?" ಎಂದಳು. ನೀವು ಸುಮ್ನೆ ಇಲ್ಲ ಅನ್ನಲಿಲ್ಲ. ಚೌಕುಳಿ ಹಾಳೆಯಲ್ಲಿ ಎರಡು ಮನೆ ಅಗಲ, ಮೂರು ಮನೆ ಉದ್ದದ ಆಯತ ಬರೆದು, ಎರಡೂ ಕಡೆ ಎರಡು ಪಟ್ಟು ಮಾಡಿಸಿ, ಮನೆ ಎಣಿಸು ಅಂದಿರಿ. ಆರು ಇದ್ದದ್ದು ಇಪ್ಪತ್ನಾಲ್ಕು. ನಾಲ್ಕು ಪಟ್ಟು! ಹಾಗಾದರೆ ತ್ರಿಭುಜದ್ದು 49/25, ಹತ್ತಿರ ಹತ್ತಿರ ಎರಡು ಪಟ್ಟು ಎಂದು ಅವಳೇ ಹೇಳಿದಳು. (ಟ್ಯೂಷನ್ನಿಗೆ ದುಡ್ಡು ಸುರಿದರೂ ಇಷ್ಟು ತಾಳ್ಮೆ ಸಿಗೋದು ಕಷ್ಟ.)

ತುಂಬಾ ಥ್ಯಾಂಕ್ಸ್ ಮೇಡಂ. ಈಗ 2/3 ರ ಲೆಕ್ಕ ಮಾಡುತ್ತಾ ಕೂತಿದ್ದಾಳೆ, ನನ್ನನ್ನು ಹತ್ತಿರಕ್ಕೂ ಬಿಡುತ್ತಿಲ್ಲ.