ಅಜ್ಜಿ ಮರೆತ ಹೆಸರು

ನವನಗರ, ಬಾಗಲಕೋಟೆ

ಪ್ರೀತಿಯ ತಂಗಿ,

ನಿನ್ನ ಮೂರನೆಯ ಪುಸ್ತಕದ ಹಸ್ತಪ್ರತಿ ನಿನ್ನೆ ರಾತ್ರಿ ಓದಿ ಮುಗಿಸಿದೆ. ಮುಗಿಸಿದವಳೇ ಮೊದಲ ಪುಸ್ತಕ ತೆಗೆದು ಅಜ್ಜಿಯ ಅಧ್ಯಾಯವನ್ನು ಮತ್ತೆ ಓದಿದೆ. ಊರ ಬಾವಿ ಬತ್ತಿದೆ. ಅಜ್ಜಿ ನೀರು ಕರೆಯುತ್ತಾಳೆ. ಬಾವಿ ತುಂಬುತ್ತದೆ. ಆಮೇಲೆ ಕೊಡ ಹಿಡಿದು ನಿಂತ ಮೊಮ್ಮಗಳನ್ನು ನೋಡಿ, "ನೀ ಯಾರ ಪೈಕಿ ಹುಡುಗಿ, ಅವ್ವಾ?" ಎಂದು ಕೇಳುತ್ತಾಳೆ. ಮೊದಲ ಸಲ ಆ ಮಾತು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಸುಮ್ನೆ ನಿಂತಿದ್ದೆ.

ಅಲ್ಲಿ ನೀನು ಕೊಟ್ಟ ನಿಯಮ ಎರಡೇ ಸಾಲು. ನೀರು ಕರೆದರೆ ಕರೆದವರ ಒಂದು ನೆನಪು ಹೋಗುತ್ತದೆ. ಹೋದದ್ದು ಮರಳುವುದಿಲ್ಲ. ಈಗ ಮೂರನೆಯ ಪುಸ್ತಕದಲ್ಲಿ ಅದೇ ಮೊಮ್ಮಗಳು ಇಡೀ ಹೊಳೆಯನ್ನು ಎಬ್ಬಿಸುತ್ತಾಳೆ. ವೈರಿಗಳ ದಂಡು ಕೊಚ್ಚಿ ಹೋಗುತ್ತದೆ. ಅವಳು ಮನೆಗೆ ಬಂದು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಊಟಕ್ಕೆ ಕೂರುತ್ತಾಳೆ. ಹಾಗಾದರೆ ಅಜ್ಜಿ ಯಾಕೆ ಮರೆತಳು?

ಓದುಗರು ನಂಬುವುದಿಲ್ಲ ಎನ್ನುವ ಮಾತು ಹಾಗಿರಲಿ. ನನಗೆ ನೋವಾದದ್ದು ಅಜ್ಜಿಯ ಸಲುವಾಗಿ. ಮೂರನೆಯ ಪುಸ್ತಕದಲ್ಲಿ ನಿಯಮ ಮುರಿದೆ, ಪೆಟ್ಟು ಬಿದ್ದದ್ದು ಮೊದಲನೆಯದಕ್ಕೆ. ಬಿಟ್ಟಿ ಸಿಗುವ ನೀರಿಗೆ ಅವಳು ಮೊಮ್ಮಗಳ ಹೆಸರು ಕೊಟ್ಟ ಹಾಗಾಯಿತು.

ನೀನು ಸವದತ್ತಿ ಕಡೆಯವಳು. ಎಲ್ಲಮ್ಮನ ಕಥೆಯನ್ನು ನಿನಗೆ ನಾನು ಹೇಳಬೇಕಿಲ್ಲ. ರೇಣುಕೆ ದಿನಾ ಹೊಳೆಗೆ ಹೋಗಿ ಮರಳಿನಲ್ಲಿ ಕೊಡ ಮಾಡುತ್ತಾಳೆ, ಹಾವನ್ನು ಸಿಂಬಿ ಸುತ್ತಿ ತಲೆ ಮೇಲೆ ನೀರು ಹೊತ್ತು ತರುತ್ತಾಳೆ. ಮನಸ್ಸು ಅಲುಗಿದ ದಿನ ಮರಳು ಕೊಡವಾಗಲಿಲ್ಲ. ಮರಳಿನ ಕೊಡದಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು ಗುಡ್ಡಕ್ಕೆ ಬರುವ ಯಾರೂ ಕೇಳುವುದಿಲ್ಲ. ಯಾವಾಗ ನಿಲ್ಲುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಜಮದಗ್ನಿಯ ಸಿಟ್ಟು, ಪರಶುರಾಮನ ಕೊಡಲಿ, ಎಲ್ಲ ಆ ದಿನದಿಂದಲೇ ಬಂದದ್ದು. ಅವತ್ತೂ ಕೊಡ ನಿಂತುಬಿಟ್ಟಿದ್ದರೆ ಮುಂದೆ ಕಥೆಯೇ ಇಲ್ಲ, ಅಲ್ವಾ? ನಿನ್ನ ಮಾಯೆ ಹೇಗೆ ನಡೆಯುತ್ತದೆ ಎಂದು ವಿವರಿಸಲು ಎರಡನೆಯ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯ ಕಳೆದಿದ್ದೀ. ಅದು ಬೇಕಿರಲಿಲ್ಲ.

ಜಾರಿದ್ದೂ ಆ ಪುಸ್ತಕದಲ್ಲೇ. ಹುಡುಗಿ ನಾಲ್ಕು ಸಲ ನೀರು ಕರೆಯುತ್ತಾಳೆ. ಏನು ಕಳೆದುಕೊಂಡಳು ಎಂದು ಎರಡು ಸಲ ಮಾತ್ರ ಹೇಳಿದ್ದೀ. ಒಂದು ನೋಟ್‌ಬುಕ್ ಇಟ್ಟುಕೋ, ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕದ ಹಾಗೆ. ಒಂದು ಬದಿ ಯಾರು ಕರೆದರು, ಇನ್ನೊಂದು ಬದಿ ಏನು ಹೋಯಿತು. ಆ ಬದಿ ಖಾಲಿ ಇದ್ದರೆ ಬಾಕಿ ಉಳಿದಿದೆ ಅಂತ ಲೆಕ್ಕ.

ನಿಯಮ ಬದಲಿಸಲೇಬಾರದಾ ಎಂದು ನೀನು ಕೇಳುತ್ತೀ. ಬದಲಿಸಬಹುದು. ಆಲಮಟ್ಟಿ ಹಿನ್ನೀರಿನ ಕಡೆಯವರಿಗೆ 519.60 ಎನ್ನುವ ಅಂಕಿ ಬಾಯಿಪಾಠ. ಅಣೆಕಟ್ಟೆಯಲ್ಲಿ ಅಷ್ಟು ಮೀಟರಿಗೆ ನೀರು ನಿಲ್ಲುತ್ತದೆ. ಆ ನೀರಿಗೆ ಹಳೇ ಊರಿನ ಓಣಿ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ನಾವು. 2010ರಲ್ಲಿ ಕೃಷ್ಣಾ ನೀರಿನ ವ್ಯಾಜ್ಯದ ನ್ಯಾಯಮಂಡಳಿ ಅದನ್ನು 524.256ಕ್ಕೆ ಏರಿಸಲು ಒಪ್ಪಿತು. ಅಂಕಿ ಬದಲಾದಾಗ ಇಲ್ಲಿಯವರು ಕೇಳುವ ಪ್ರಶ್ನೆ ಒಂದೇ: ಇನ್ನು ಯಾವ ಊರು, ಯಾರ ಹೊಲ? ನೀರು ಬಿಟ್ಟಿ ಬರುತ್ತದೆ ಎಂದು ಇಲ್ಲಿ ಯಾರಿಗೂ ಹೇಳಲಾಗುವುದಿಲ್ಲ. ನಿನ್ನ ಹೊಳೆ ಏರಿದಾಗಲೂ ಏನೋ ಒಂದು ಮುಳುಗಬೇಕು. ಅದು ಪುಟದ ಮೇಲೆ ಕಾಣಬೇಕು.

ಮೊದಲ ಎರಡು ಪುಸ್ತಕ ಅಚ್ಚಾಗಿವೆ, ಈಗ ತಿದ್ದುವ ಹಾಗಿಲ್ಲ. ಆದರೆ ಬರೆದ ಸಾಲಿನಲ್ಲೇ ಸಂದು ಇರುತ್ತದೆ. ಹಿರಣ್ಯಕಶಿಪುವಿನ ವರವನ್ನು ನರಸಿಂಹ ಮುರಿಯಲಿಲ್ಲ. ಹಗಲೂ ಅಲ್ಲದ, ರಾತ್ರಿಯೂ ಅಲ್ಲದ ಮುಸ್ಸಂಜೆಗೆ, ಒಳಗೂ ಅಲ್ಲದ, ಹೊರಗೂ ಅಲ್ಲದ ಹೊಸ್ತಿಲಿಗೆ ಬಂದ. ನಿನ್ನ ಸಾಲನ್ನು ಮತ್ತೆ ಓದು. "ಕರೆದವರ ಒಂದು ನೆನಪು." ಒಬ್ಬರೇ ಕರೆಯಬೇಕು ಎಂದು ನೀನು ಎಲ್ಲೂ ಬರೆದಿಲ್ಲ. ಊರಿಗೆ ಊರೇ ದಂಡೆಯಲ್ಲಿ ನಿಂತು ಕರೆದರೆ? ಹೊಳೆ ಏಳುತ್ತದೆ, ದಂಡು ಹೋಗುತ್ತದೆ. ಮರುದಿನ ಬೆಳಿಗ್ಗೆ ಮನೆಮನೆಯಲ್ಲೂ ಏನು ಹೋಯಿತು ಎಂದು ಹುಡುಕಾಟ. ಒಬ್ಬಳಿಗೆ ತವರಿನ ದಾರಿ ನೆನಪಿಲ್ಲ. ಒಬ್ಬನಿಗೆ ತನ್ನ ಎತ್ತಿನ ಹೆಸರು ಬರುತ್ತಿಲ್ಲ. ಜಗಳವಾಡಿದ್ದ ಅಣ್ಣತಮ್ಮಂದಿರು ಯಾಕೆ ಜಗಳವಾಡಿದ್ದು ಎಂಬುದನ್ನೇ ಮರೆತು ಒಂದೇ ಕಟ್ಟೆ ಮೇಲೆ ಕೂತಿದ್ದಾರೆ. ಮತ್ತೆ ಆ ಹುಡುಗಿ? ಅವಳದು ಏನು ಹೋಯಿತು ಎಂದು ನಾನು ಹೇಳುವುದಿಲ್ಲ, ಅದು ನಿನ್ನದು. ಅಜ್ಜಿಯ ಆ ಮಾತಂತೂ ಅವಳ ನೆನಪಿನಲ್ಲಿ ಉಳಿಯಲಿ ಎಂದು ಮಾತ್ರ ಆಸೆ.

ಹಸ್ತಪ್ರತಿ ನನ್ನ ಹತ್ತಿರವೇ ಇರಲಿ. ಪೆನ್ಸಿಲ್ ಗುರುತು ಹಾಕುತ್ತಿದ್ದೇನೆ, ಕೊನೆಯ ಅಧ್ಯಾಯ ಮಾತ್ರ ಮುಟ್ಟಿಲ್ಲ. ಐತವಾರ ಬಿಡುವಿದ್ದರೆ ಬಾ. ಬರುವಾಗ ಉದ್ರಿ ಪುಸ್ತಕ ಬರೆದುಕೊಂಡು ಬಾ.

ನಿನ್ನ
ಅಕ್ಕ